ಗೋವಾದಿಂದ ಘಾಟ್ ಹತ್ತಿ ಬಂದ ಭುಜದ ನೋವು

ಪ್ರಶ್ನೆ: ಸರ್, ನಮ್ಮದು ಬೀಳಗಿ ತಾಲ್ಲೂಕು. ಆಲಮಟ್ಟಿ ಹಿನ್ನೀರಿನ ದಂಡೆಯ ಊರು. ಮುತ್ಯಾನ ಕಾಲದಿಂದ ಮೀನು ಹಿಡಿಯುವ ಮನೆತನ. ನನ್ನ ತಮ್ಮನಿಗೆ 26 ವರ್ಷ. ಮೂರು ಸೀಸನ್‌ನಿಂದ ಗೋವಾದಲ್ಲಿ ಒಬ್ಬ ಗುತ್ತಿಗೆದಾರರ ಕಡೆ ಹಡಗಿನ ತಳ ಉಜ್ಜುವ ಡೈವರ್ ಆಗಿದ್ದಾನೆ. ರಜೆಗೆ ಊರಿಗೆ ಬಂದಾಗೆಲ್ಲ ಬಲಭುಜ ನೋವು ಅಂತಾನೆ. ಅವ್ವ ಎಣ್ಣೆ ಹಚ್ಚಿ ಶಾಖ ಕೊಡುತ್ತಾಳೆ. ಕಾಕಾ ಅದು ವಾತ ಅಂತಾರೆ. ಎರಡು ದಿನಕ್ಕೆ ಇಳಿಯುತ್ತದೆ. ಈಗ ಅವನಿಗೆ ಮುಂಬೈ ಸಮುದ್ರದ ಎಣ್ಣೆ ಬಾವಿ ಕೆಲಸಕ್ಕೆ ಕರೆ ಬಂದಿದೆ. ಸಂಬಳ ಮೂರು ಪಟ್ಟು. ಮೊದಲು ಟ್ರೇನಿಂಗ್‌ಗೆ ಲಕ್ಷಗಟ್ಟಲೆ ಕಟ್ಟಬೇಕು ಅಂತ ಏಜೆಂಟ್ ಹೇಳುತ್ತಾನೆ. ಮನೆಯವರು "ಅಷ್ಟು ಆಳ ಬೇಡ, ಇಲ್ಲೇ ಜಾಕ್‌ವೆಲ್ (ಊರಿಗೆ ನೀರೆತ್ತುವ ಪಂಪಿನ ಬಾವಿ) ಸ್ವಚ್ಛ ಮಾಡುವ ಕೆಲಸ ಸಿಗುತ್ತದೆ, ಅದೇ ಸಾಕು" ಅಂತಾರೆ. ಆಕ್ಸಿಜನ್ ಸಿಲಿಂಡರ್ ಇದ್ದರೆ ಎಲ್ಲಿ ಇಳಿದರೂ ಏನೂ ಆಗಲ್ಲ ಅಂತ ಅವನ ವಾದ. ಯಾವುದು ಸರಿ? ಸಾಮಾನು ಸರಿ ಇದೆಯೋ ಇಲ್ಲವೋ ನಮ್ಮಂಥವರಿಗೆ ಹೇಗೆ ತಿಳಿಯಬೇಕು?

ಉತ್ತರ: ನೀವು ಕೇಳಿರುವುದು ನೌಕರಿಯ ಬಗ್ಗೆ. ಆದರೆ ನನ್ನ ಕಣ್ಣು ನಿಂತಿದ್ದು "ರಜೆಗೆ ಊರಿಗೆ ಬಂದಾಗೆಲ್ಲ" ಎಂಬ ಮಾತಿನ ಮೇಲೆ. ಗೋವಾದಲ್ಲಿ ಕೆಲಸ ಮಾಡುವಾಗ ಇಲ್ಲದ ನೋವು ಊರಿಗೆ ಬಂದಾಗಲೇ ಯಾಕೆ ಬರುತ್ತದೆ? ನಾನು ಕೆಲವು ವರ್ಷ ನೀರಿಗೆ ಇಳಿದವನು. ಆಮೇಲೆ ಅದಕ್ಕಿಂತ ಜಾಸ್ತಿ ವರ್ಷ ಡೆಕ್ ಮೇಲೆ ನಿಂತು ಬೇರೆಯವರನ್ನು ಇಳಿಸಿದವನು. ಈಗ ಬೆಳಗಾವಿಯಲ್ಲಿದ್ದೇನೆ. ಈ ಭುಜದ ನೋವಿನ ಕಥೆ ನನಗೆ ಹೊಸದಲ್ಲ. ಅದಕ್ಕೇ ಅದರಿಂದಲೇ ಶುರು ಮಾಡುತ್ತೇನೆ. ನೌಕರಿಯ ಮಾತು ಆಮೇಲೆ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತಕ್ಕೆ, ಕೊಬ್ಬಿಗೆ, ಕೀಲುಗಳಿಗೆ ಇಳಿದು ಕೂರುತ್ತದೆ. ಬನಶಂಕರಿ ಜಾತ್ರೆಗೆ ಜನ ಸೇರುವುದು ಗೊತ್ತಲ್ಲ, ಮುಂಜಾನೆಯಿಂದ ಒಂದೊಂದು ಬಂಡಿ, ಒಂದೊಂದು ಬಸ್ಸು. ಯಾರಿಗೂ ತೊಂದರೆ ಇಲ್ಲ. ತೊಂದರೆ ಇರುವುದು ತೇರು ಎಳೆದ ಮೇಲೆ, ಎಲ್ಲರೂ ಒಮ್ಮೆಗೇ ಹೊರಟಾಗ. ನೈಟ್ರೋಜನ್‌ದೂ ಹಾಗೇ. ನಿಧಾನ ಮೇಲೆ ಬಂದರೆ ಶ್ವಾಸಕೋಶದ ದಾರಿಯಲ್ಲಿ ಸುಮ್ನೆ ಹೊರಟುಹೋಗುತ್ತದೆ. ಅವಸರ ಮಾಡಿದರೆ ಒಳಗೇ ಗುಳ್ಳೆಯಾಗುತ್ತದೆ. ಗುಳ್ಳೆಗಳು ಹೆಚ್ಚಾಗಿ ಕಾಡುವುದು ಕೀಲುಗಳನ್ನು, ಅದರಲ್ಲೂ ಭುಜ ಮತ್ತು ಮೊಣಕೈ. ಡೈವರ್‌ಗಳು ಇದಕ್ಕೆ ಬೆಂಡ್ಸ್ ಅಂತಾರೆ. ಬೆನ್ನುಹುರಿಯಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಕಾಲು ಹೋಗುತ್ತದೆ, ಮೂತ್ರ ಕಟ್ಟುತ್ತದೆ.

ಇದನ್ನು ಮೊದಲು ಲೆಕ್ಕಕ್ಕೆ ತಂದವರು ಬ್ರಿಟನ್ನಿನ ವಿಜ್ಞಾನಿ ಹಾಲ್ಡೇನ್. ಅವರು ಮತ್ತು ಸಂಗಡಿಗರು ಆಡುಗಳನ್ನು ಒತ್ತಡದ ಕೋಣೆಯಲ್ಲಿ ನಿಲ್ಲಿಸಿ, ಒತ್ತಡ ಇಳಿಸಿ ನೋಡಿದರು. ನೋವಾದ ಆಡು ಮುಂಗಾಲು ಮಡಚಿ ಎತ್ತಿ ನಿಲ್ಲುತ್ತಿತ್ತು. ಆ ಮಡಚಿದ ಕಾಲುಗಳ ಲೆಕ್ಕದಿಂದ 1908ರಲ್ಲಿ ಮೊದಲ ಕೋಷ್ಟಕ ಬಂತು: ಎಷ್ಟು ಆಳ, ಎಷ್ಟು ಹೊತ್ತು, ಮೇಲೆ ಬರುವಾಗ ಎಲ್ಲೆಲ್ಲಿ ನಿಲ್ಲಬೇಕು ಅಂತ. ಇವತ್ತಿನ ಎಲ್ಲ ಕೋಷ್ಟಕಗಳೂ ಅದರ ಮಕ್ಕಳು, ಮೊಮ್ಮಕ್ಕಳು.

"ನಮ್ಮ ಹುಡುಗ ಹಡಗಿನ ತಳಕ್ಕೆ ಹೋಗೋದು 12 ಮೀಟರ್, ಅದೇನು ಆಳ?" ಎಂದು ನೀವು ಕೇಳಬಹುದು. ಆಳ ಅರ್ಧ ಲೆಕ್ಕ ಮಾತ್ರ, ಇನ್ನರ್ಧ ಹೊತ್ತು. ಅಮೆರಿಕ ನೌಕಾಪಡೆಯ ಕೋಷ್ಟಕದ ಪ್ರಕಾರ ದಾರಿಯಲ್ಲಿ ನಿಲ್ಲದೆ ಮೇಲೆ ಬರಬೇಕೆಂದರೆ 30 ಮೀಟರ್‌ನಲ್ಲಿ 25 ನಿಮಿಷ ಇರಬಹುದು, 12 ಮೀಟರ್‌ನಲ್ಲಿ 163 ನಿಮಿಷ. ಮೇಲೆ ಬರುವ ವೇಗ ನಿಮಿಷಕ್ಕೆ 9 ಮೀಟರ್. ಹಡಗಿನ ತಳ ಉಜ್ಜುವವರು ದಿನಕ್ಕೆ ನಾಲ್ಕೈದು ಗಂಟೆ ನೀರಿನಲ್ಲಿ ಇರುವುದುಂಟು. ಊಟಕ್ಕೆ, ಬ್ರಶ್ ಬದಲಿಸಲು ಅಂತ ನಾಲ್ಕು ಸಲ ಮೇಲೆ ಬಂದು ಇಳಿಯುತ್ತಾರೆ. ಅದನ್ನೆಲ್ಲ ಕೂಡಿಸಿ ಬರೆಯುವವರು ಯಾರು? ಗುತ್ತಿಗೆದಾರರು ಬರೆಯುವುದು ಎಷ್ಟು ಚದರ ಮೀಟರ್ ಉಜ್ಜಿದರು ಅಂತ ಮಾತ್ರ.

ಈಗ ಘಾಟ್. ಸಂಜೆ ಕೆಲಸ ಮುಗಿಸಿ, ಸಂಬಳ ಎಣಿಸಿಕೊಂಡು, ನಿಮ್ಮ ತಮ್ಮ ರಾತ್ರಿಯೇ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಬರುತ್ತಾನೆ, ಅಲ್ವಾ? ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮೇಲೆ ಹತ್ತಿದಷ್ಟು ಗಾಳಿಯ ಒತ್ತಡ ಕಡಿಮೆ. ಅಂದರೆ ನೀರಿನಿಂದ ಎದ್ದು ಬಂದವನು ಬಸ್ಸಿನಲ್ಲಿ ಕೂತು ಇನ್ನೂ ಮೇಲೆ ಬರುತ್ತಲೇ ಇದ್ದಾನೆ. ಗೋವಾದಲ್ಲಿ ಮೌನವಾಗಿದ್ದ ಗುಳ್ಳೆ ಘಾಟಿನಲ್ಲಿ ದೊಡ್ಡದಾಗುತ್ತದೆ. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಎಂಬ ನಿಯಮ ಬಹಳ ಜನಕ್ಕೆ ಗೊತ್ತು. ಅದೇ ನಿಯಮ 600 ಮೀಟರ್ ಮೇಲಿನ ಊರಿಗೂ ಅನ್ವಯಿಸುತ್ತದೆ ಎಂದು ಹೇಳಿದರೆ ನಗುತ್ತಾರೆ. ದಿನಗಟ್ಟಲೆ ಇಳಿದವನು ಕೊನೆಯ ಡೈವ್ ನಂತರ ಒಂದು ಇಡೀ ದಿನ ಕೆಳಗೇ ಇರಬೇಕು. ಖರ್ಚು ಎಷ್ಟು? ಒಂದು ರಾತ್ರಿಯ ಲಾಡ್ಜ್ ಬಾಡಿಗೆ.

ನಾನು ಪತ್ರ ಓದಿ ರೋಗ ಹೇಳುವ ಡಾಕ್ಟರ್ ಅಲ್ಲ. ದಿನವಿಡೀ ಬ್ರಶ್ ಹಿಡಿದು ಉಜ್ಜಿದವನಿಗೆ ಸುಮ್ನೆ ಸ್ನಾಯು ನೋವೂ ಬರಬಹುದು. ಆದರೆ ಊರಿಗೆ ಬಂದಾಗಲೇ ಬಂದು ಎರಡು ದಿನಕ್ಕೆ ತಾನೇ ಇಳಿಯುವ ನೋವನ್ನು ವಾತ ಅಂತ ಬಿಟ್ಟುಬಿಡಬೇಡಿ. ಬೆಂಡ್ಸ್ ನೋವು ತಾನಾಗಿ ಇಳಿದರೂ ಅದು ವಾಸಿ ಆಯಿತು ಅಂತ ಅರ್ಥವಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಭುಜದ, ಸೊಂಟದ ಮೂಳೆಯ ತುದಿ ರಕ್ತ ಸಿಗದೆ ಸಾಯುವುದುಂಟು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐನಲ್ಲಿ ಕಾಣುತ್ತದೆ. ಮೂಳೆ ಡಾಕ್ಟರ ಹತ್ತಿರ ಹೋದರೆ "ನಾನು ಡೈವರ್" ಎಂಬುದನ್ನು ಮೊದಲ ಮಾತಿಗೇ ಹೇಳಬೇಕು. ನಮ್ಮ ಕಡೆ ಡಾಕ್ಟರಿಗೆ ಅದು ಹೊಳೆಯುವ ಕಾರಣವೇ ಇಲ್ಲ. ಮುಂಬೈ ಕೊಲಾಬಾದ ನೌಕಾ ಆಸ್ಪತ್ರೆ ಐಎನ್‌ಎಚ್‌ಎಸ್ ಅಶ್ವಿನಿಯ ಆವರಣದಲ್ಲಿ ನೌಕಾ ವೈದ್ಯಕೀಯ ಸಂಸ್ಥೆ ಇದೆ. ಡೈವರ್‌ಗಳ ಕಾಯಿಲೆಯನ್ನೇ ಓದಿದವರು ಅಲ್ಲಿದ್ದಾರೆ.

ಇನ್ನು ಮುಂದೆ ಗೋವಾದಲ್ಲೇ ಭುಜ ಹಿಡಿಯಿತು ಅಂದುಕೊಳ್ಳಿ. ಆಗ ಮಲಗಿಸಿ ನೂರಕ್ಕೆ ನೂರು ಆಕ್ಸಿಜನ್ ಮಾಸ್ಕ್ ಹಾಕಬೇಕು, ನೀರು ಕುಡಿಸಬೇಕು, ಒತ್ತಡದ ಕೋಣೆ ಇರುವ ಕಡೆ ಒಯ್ಯಬೇಕು. ಸಾಮಾನ್ಯ ಚಿಕಿತ್ಸೆಯಲ್ಲಿ 18 ಮೀಟರ್ ಆಳದಷ್ಟು ಒತ್ತಡಕ್ಕೆ ಏರಿಸಿ, ಆಕ್ಸಿಜನ್ ಕೊಡುತ್ತಾ, ನಾಲ್ಕು ಮುಕ್ಕಾಲು ಗಂಟೆಯಲ್ಲಿ ನಿಧಾನಕ್ಕೆ ಇಳಿಸುತ್ತಾರೆ. "ಮತ್ತೆ ನೀರಿಗೆ ಇಳಿ, ಸರಿ ಹೋಗುತ್ತೆ" ಅಂತ ಹಳೆಯ ಡೈವರ್‌ಗಳು ಹೇಳುತ್ತಾರೆ. ನೀರಿನೊಳಗೆ ಅವನಿಗೆ ಎಚ್ಚರ ತಪ್ಪಿದರೆ ಎತ್ತುವವರು ಯಾರು? ಎಲ್ಲಕ್ಕಿಂತ ಕೆಟ್ಟ ತೀರ್ಮಾನ ಎಂದರೆ "ಊರಿಗೆ ಕರೆದುಕೊಂಡು ಹೋಗೋಣ" ಎಂದು ಘಾಟ್ ಹತ್ತಿಸುವುದು.

ಈಗ ಆ "ಆಕ್ಸಿಜನ್ ಸಿಲಿಂಡರ್". ಇದನ್ನು ಪೇಪರ್‌ನವರೂ ಬರೆಯುತ್ತಾರೆ, ನಿಮ್ಮ ತಮ್ಮನ ತಪ್ಪಲ್ಲ. ಡೈವರ್ ಬೆನ್ನಿನ ಸಿಲಿಂಡರ್‌ನಲ್ಲಿ ಇರುವುದು ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ತುಂಬಿಕೊಂಡು 6 ಮೀಟರ್‌ಗಿಂತ ಕೆಳಗೆ ಹೋದರೆ ಅದೇ ವಿಷ. ಮೂರ್ಛೆ ರೋಗದವರ ಹಾಗೆ ಫಿಟ್ಸ್ ಬರುತ್ತದೆ. ಮೂರು ಸೀಸನ್ ಇಳಿದ ಹುಡುಗ ತಾನು ಏನು ಉಸಿರಾಡುತ್ತಿದ್ದೇನೆ ಎಂದು ತಿಳಿಯದೆ ಇದ್ದಾನೆ ಅಂದರೆ, ಅವನಿಗೆ ಯಾರೂ ಕಲಿಸಿಲ್ಲ, ಇಳಿಸಿದ್ದಾರೆ ಅಷ್ಟೇ.

ಮೀನುಗಾರರ ಮನೆಯ ಹುಡುಗ ಎಂಬುದೂ ಎರಡು ಅಲಗಿನ ಚಾಕು. ನೀರಿನ ಹೆದರಿಕೆ ಇಲ್ಲ, ಒಳ್ಳೆಯದು. ಆದರೆ ಬಲೆ ಬಿಡಿಸಲು ಉಸಿರು ಕಟ್ಟಿ ಮುಳುಗುವವನಿಗೆ ಉಸಿರು ಕಟ್ಟಿಯೇ ಮೇಲೆ ಬರುವ ಅಭ್ಯಾಸ. ಒತ್ತಡದ ಗಾಳಿ ಎಳೆದವನು ಹಾಗೆ ಮಾಡಿದರೆ 10 ಮೀಟರ್‌ನಿಂದ ಮೇಲೆ ಬರುವಷ್ಟರಲ್ಲಿ ಎದೆಯೊಳಗಿನ ಗಾಳಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯುತ್ತದೆ. ಇದಕ್ಕೆ ದೊಡ್ಡ ಆಳವೂ ಬೇಡ, ಈಜುಕೊಳ ಸಾಕು.

ಇಲ್ಲಿಂದ ಮನೆಯವರ ವಾದಕ್ಕೆ ಬರುತ್ತೇನೆ. ಸಮುದ್ರ ದೂರ, ಆಳ ಜಾಸ್ತಿ, ಅದಕ್ಕೆ ಭಯ. ಜಾಕ್‌ವೆಲ್ ಹತ್ತಿರ, ನೀರು ಎರಡಾಳು, ಅದಕ್ಕೆ ಧೈರ್ಯ. ನನಗೆ ಉಲ್ಟಾ. ನಾನು ಹೆದರುವುದು ಜಾಕ್‌ವೆಲ್ಲಿಗೇ.

ಕಾರಣ ಹೇಳುತ್ತೇನೆ. ಒಂದು ಕಡೆ ನೀರು ನಿಂತಿದೆ, ಇನ್ನೊಂದು ಕಡೆ ಖಾಲಿ ಅಥವಾ ಕಡಿಮೆ, ನಡುವೆ ಒಂದು ತೂತು. 10 ಮೀಟರ್ ನೀರಿನ ಕೆಳಗೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ. ಅಡಿ ಉದ್ದ, ಅಡಿ ಅಗಲದ ತೂತು ಅಂದರೆ ಸುಮಾರು 900 ಚದರ ಸೆಂಟಿಮೀಟರ್. ಅದಕ್ಕೆ ಕಾಲು ಅಥವಾ ಹೊಟ್ಟೆ ಅಂಟಿಕೊಂಡರೆ ಹಿಡಿದಿರುವ ಬಲ 900 ಕೆಜಿ. ಎರಡು ದೊಡ್ಡ ಎತ್ತು ಮೇಲೆ ನಿಂತ ಹಾಗೆ. ಎಷ್ಟು ಜನ ಹಗ್ಗ ಎಳೆದರೂ ಬಿಡುವುದಿಲ್ಲ, ಮನುಷ್ಯ ಹರಿದಾನು. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದಾಗ ನೀರಿನ ಬಲ ಎಲ್ಲರೂ ಟಿವಿಯಲ್ಲಿ ನೋಡಿದರು. ಅಲ್ಲಿ ಅಬ್ಬರ ಇತ್ತು. ಜಾಕ್‌ವೆಲ್ಲಿಗೆ ನೀರು ಬರುವ ಜಾಲರಿಯ ತೂತಿನ ಹತ್ತಿರ ಅಬ್ಬರವೂ ಇರುವುದಿಲ್ಲ. ಕೈಗೆ ಒಂದು ತಣ್ಣನೆಯ ಸೆಳೆತ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. 2022ರ ಫೆಬ್ರವರಿ 25ರಂದು ಟ್ರಿನಿಡಾಡ್‌ನಲ್ಲಿ 30 ಇಂಚಿನ ಪೈಪ್‌ಲೈನ್ ದುರಸ್ತಿ ಮಾಡುತ್ತಿದ್ದ ಐವರು ಡೈವರ್‌ಗಳನ್ನು ಆ ಪೈಪೇ ಒಳಗೆ ಎಳೆದುಕೊಂಡಿತು. ಹೊರಗೆ ಬಂದವನು ಒಬ್ಬ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸದಿಂದ ನಿವೃತ್ತನಾದ ಹೊಸತು. ನದಿ ದಂಡೆಯ ಒಂದು ಜಾಕ್‌ವೆಲ್ಲಿನಲ್ಲಿ ಜಾಲರಿಗೆ ಜಲಕಳೆ ಕಟ್ಟಿತ್ತು. ಸಲಹೆಗೆ ಅಂತ ನನ್ನನ್ನು ಕರೆದಿದ್ದರು. ಪಂಪ್ ಬಂದ್ ಇದೆಯಾ ಅಂದೆ. "ಬಂದ್ ಐತ್ರಿ ಸರ್" ಅಂದರು. ಹುಡುಗ ಇಳಿದ. ಸಂಜೆ ನಾಲ್ಕಕ್ಕೆ ವಾಟರ್‌ಮನ್ ಊಟ ಮುಗಿಸಿ ಬಂದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಊರಿಗೆ ನೀರು ಬಿಡುವ ಹೊತ್ತಾಯಿತು ಎಂದು ಪಂಪ್ ಚಾಲೂ ಮಾಡಿದ. ಹಗ್ಗ ನನ್ನ ಕೈಯಲ್ಲೇ ಸರ್ರನೆ ಓಡಿತು. ಅಂಗೈಯಲ್ಲಿ ಈಗಲೂ ಗೆರೆ ಇದೆ. ಹುಡುಗನ ಎರಡೂ ಕಾಲು ಜಾಲರಿಗೆ ಅಂಟಿದ್ದವು. ಯಾರೋ ಓಡಿದರು, ಯಾರೋ ಕೂಗಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಹೌದು, ದಿನಾ ಬೈಯುವ ಅದೇ ಕರೆಂಟ್. ಹುಡುಗ ಬದುಕಿದ. ವಾಟರ್‌ಮನ್‌ನನ್ನು ಎಲ್ಲರೂ ಬೈದರು, ಆದರೆ ತಪ್ಪು ನನ್ನದು. ಬಾಯಿಮಾತು ನಂಬಿದ್ದೆ. ಪಂಪ್‌ನ ಫ್ಯೂಸ್ ಕಿತ್ತು, ಪ್ಯಾನಲ್‌ಗೆ ಬೀಗ ಹಾಕಿ, ಕೀಲಿ ನನ್ನ ಜೇಬಿಗೆ ಹಾಕಿಕೊಂಡು ಆಮೇಲೆ ಇಳಿಸಬೇಕಿತ್ತು.

ಎಣ್ಣೆ ಬಾವಿಯ ಕೆಲಸದಲ್ಲಿ ಈ ಕೀಲಿಗೆ ಒಂದು ಪದ್ಧತಿ ಇದೆ. ಯಾವ ವಾಲ್ವ್, ಯಾವ ಪಂಪ್, ಯಾವ ಪ್ರೊಪೆಲ್ಲರ್ ಬಂದ್ ಎಂದು ಕಾಗದದ ಮೇಲೆ ಬರೆದು, ಸಹಿ ಹಾಕಿ, ಬೀಗ ಹಾಕಿ, ಚೀಟಿ ಕಟ್ಟುತ್ತಾರೆ. ಡೈವರ್ ಮೇಲೆ ಬರುವವರೆಗೆ ಯಾರೂ ಮುಟ್ಟುವಂತಿಲ್ಲ. ಕಾಗದ ಜಾಸ್ತಿ ಅಂತ ಹುಡುಗರು ಗೊಣಗುತ್ತಾರೆ. ಗೊಣಗಲಿ.

ಇನ್ನೊಂದು ಲೆಕ್ಕ ಸ್ಥಳೀಯರಿಗೆ ಮಾತ್ರ ಬೇಕಾದದ್ದು. ಕೋಷ್ಟಕಗಳೆಲ್ಲ ಸಮುದ್ರ ಮಟ್ಟಕ್ಕೆ ಬರೆದವು. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್. ಆ ಎತ್ತರದಲ್ಲಿ 20 ಮೀಟರ್ ಇಳಿದರೆ ಕೋಷ್ಟಕದಲ್ಲಿ 21ಕ್ಕೂ ಜಾಸ್ತಿ ಎಂದು ಹಿಡಿಯಬೇಕು. ಅದಕ್ಕಿಂತ ಎತ್ತರದ ಹಿಡಕಲ್ ಜಲಾಶಯದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಗೋವಾದ ಚಾರ್ಟ್ ತಂದು ಇಲ್ಲಿ ಇಳಿಯುವವರಿಗೆ ಇದು ಗೊತ್ತಿರುವುದಿಲ್ಲ.

ಈಗ ಮುಂಬೈ. ಬಾಂಬೆ ಹೈ ಎಣ್ಣೆ ಸಿಕ್ಕಿದ್ದು 1974ರಲ್ಲಿ, ದಡದಿಂದ ಸುಮಾರು 160 ಕಿಲೋಮೀಟರ್ ಒಳಗೆ. ಅಲ್ಲಿ ನೀರು 75 ಮೀಟರ್ ಆಸುಪಾಸು. ನಿಮ್ಮ ತಮ್ಮನನ್ನು ಮೊದಲ ದಿನವೇ ಅಲ್ಲಿಗೆ ಇಳಿಸುವುದಿಲ್ಲ, ಇಳಿಸಲು ಬರುವುದೂ ಇಲ್ಲ. ಗಾಳಿ ಉಸಿರಾಡುತ್ತಾ ಮಾಡುವ ಕೆಲಸಕ್ಕೆ ಈ ಉದ್ಯಮ 50 ಮೀಟರ್‌ನಲ್ಲಿ ಗೆರೆ ಎಳೆದಿದೆ. ಅದರ ಕೆಳಗೆ ಗಾಳಿ ಅಲ್ಲ, ಹೀಲಿಯಂ ಮತ್ತು ಆಕ್ಸಿಜನ್ ಬೆರೆಸಿದ ಅನಿಲ. ಅಲ್ಲಿ ಕೆಲಸ ಮಾಡುವವರು ಹಡಗಿನ ಮೇಲಿನ ಕಬ್ಬಿಣದ ಕೋಣೆಯಲ್ಲಿ, ಆಳದ ಒತ್ತಡದಲ್ಲೇ, ವಾರಗಟ್ಟಲೆ ಉಣ್ಣುತ್ತಾ ಮಲಗುತ್ತಾ ಇರುತ್ತಾರೆ. ಕೆಲಸಕ್ಕೆ ಗಂಟೆಯಂಥ ಡಬ್ಬಿಯಲ್ಲಿ ಇಳಿಯುತ್ತಾರೆ. ಕೊನೆಗೆ ಹೊರಗೆ ಬರಲು ಮೂರ್ನಾಲ್ಕು ದಿನ. ಅದು ಅನುಭವಿಗಳ ಕೆಲಸ. ಹೊಸಬನಿಗೆ ಸಿಗುವುದು ಡೆಕ್ ಮೇಲೆ ಟೆಂಡರ್ ಕೆಲಸ, ಅಂದರೆ ಮೇಲಿನಿಂದ ಡೈವರ್‌ಗೆ ಗಾಳಿ ಕೊಡುವ ಪೈಪು ಹಿಡಿದು ಬಿಡುವುದು, ಎಳೆಯುವುದು. ಇಲ್ಲವೇ ಪ್ಲಾಟ್‌ಫಾರ್ಮ್ ಕಾಲುಗಳ ಮೇಲೆ ಬೆಳೆದ ಚಿಪ್ಪು ಕೆರೆಯುವ ಕೆಲಸ.

ಸಾಮಾನಿನ ಬಗ್ಗೆ ಕೇಳಿದ್ದೀರಿ. ಹೊಳೆಯುವ ಹೆಲ್ಮೆಟ್ ನೋಡಿ ಮರುಳಾಗಬೇಡಿ. ನಾನಾದರೆ ಮೊದಲು ತಲೆ ಎಣಿಸುತ್ತೇನೆ. ಗಾಳಿ ಉಸಿರಾಡುತ್ತಾ ಒಬ್ಬ ಡೈವರ್ ಇಳಿಯಬೇಕಾದರೆ ಕನಿಷ್ಠ ಐದು ಜನ ಬೇಕು: ಸೂಪರ್‌ವೈಸರ್, ಡೈವರ್, ಅವನಿಗೆ ಏನಾದರೂ ಆದರೆ ಇಳಿಯಲು ಉಡುಪು ತೊಟ್ಟು ಕೂತ ಇನ್ನೊಬ್ಬ ಡೈವರ್, ಇಬ್ಬರಿಗೂ ಒಬ್ಬೊಬ್ಬ ಟೆಂಡರ್. ಮೂವರಲ್ಲಿ ಮುಗಿಸುವ ಕಡೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ.

ಆಮೇಲೆ ಕಂಪ್ರೆಸರ್. ಗಾಳಿ ಎಳೆದುಕೊಳ್ಳುವ ಬಾಯಿ ಎಲ್ಲಿದೆ, ಡೀಸೆಲ್ ಹೊಗೆ ಯಾವ ಕಡೆ ಹೋಗುತ್ತಿದೆ ನೋಡಿ. ಉಸಿರಾಡುವ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷಕ್ಕೆ 5 ಭಾಗ ಮೀರಬಾರದು. 30 ಮೀಟರ್‌ನಲ್ಲಿ ಅದರ ಪೆಟ್ಟು ನಾಲ್ಕರಷ್ಟು. ಅದಕ್ಕೆ ವಾಸನೆಯೂ ಇಲ್ಲ. ಅದಕ್ಕೇ ಗಾಳಿ ಪರೀಕ್ಷೆಯ ವರದಿ ಕೇಳಬೇಕು, ತಾರೀಖು ನೋಡಬೇಕು. ನಮ್ಮ ಕಡೆ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಪೈಪ್ ಜೋಡಿಸಿ ಬಾವಿಗೆ ಇಳಿದವರನ್ನು ನೋಡಿದ್ದೇನೆ. ಅದರ ಎಣ್ಣೆ ಹಬೆ ನೇರ ಎದೆಗೆ.

ಹೆಲ್ಮೆಟ್ಟಿನ ಪಕ್ಕ, ಗಾಳಿಯ ಪೈಪ್ ಸೇರುವ ಕಡೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಿತ್ತಾಳೆಯ ತುಂಡು ಇರುತ್ತದೆ. ಒಮ್ಮುಖ ವಾಲ್ವ್. ಗಾಳಿ ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಮೇಲೆ ಎಲ್ಲೋ ಪೈಪ್ ಹರಿದರೆ ಹೆಲ್ಮೆಟ್ಟಿನ ಗಾಳಿ ಅತ್ತ ಓಡದಂತೆ ತಡೆಯುವುದು ಇದೊಂದೇ. ಇದು ಕೈಕೊಟ್ಟರೆ ಹೊರಗಿನ ನೀರಿನ ಒತ್ತಡ ಮುಖವನ್ನೇ ಪೈಪಿನ ಕಡೆ ಹಿಂಡುತ್ತದೆ. ಪ್ರತಿದಿನ, ಇಳಿಯುವ ಮೊದಲು, ಪೈಪ್ ಕಳಚಿ, ಬೆನ್ನಿನ ತುರ್ತು ಸಿಲಿಂಡರ್ ತೆರೆದು, ಆ ತೂತಿಗೆ ಒದ್ದೆ ಬೆರಳು ಹಿಡಿಯಬೇಕು. ಗಾಳಿ ತಾಗಿದರೆ ಅವತ್ತು ಇಳಿಯುವಂತಿಲ್ಲ. ಅರ್ಧ ನಿಮಿಷದ ಕೆಲಸ. ನಿಮ್ಮ ತಮ್ಮನನ್ನು ಕೇಳಿ ನೋಡಿ, ಮೂರು ಸೀಸನ್‌ನಲ್ಲಿ ಎಷ್ಟು ಸಲ ಮಾಡಿದ್ದಾನೆ ಅಂತ.

ತುರ್ತು ಸಿಲಿಂಡರ್ ಅಂದೆನಲ್ಲ, ಅದರ ಲೆಕ್ಕವೂ ಬಾಯಲ್ಲಿ ಇರಬೇಕು. 12 ಲೀಟರ್ ಸಿಲಿಂಡರ್, 200 ಬಾರ್ ಒತ್ತಡ, ಒಟ್ಟು 2400 ಲೀಟರ್ ಗಾಳಿ. ಗಾಬರಿಯಾದವನು ನಿಮಿಷಕ್ಕೆ 50 ಲೀಟರ್ ಎಳೆಯುತ್ತಾನೆ ಎಂದು ಹಿಡಿಯಿರಿ. 30 ಮೀಟರ್‌ನಲ್ಲಿ ಒತ್ತಡ ನಾಲ್ಕು ಪಟ್ಟು, ಹಾಗಾಗಿ 200 ಲೀಟರ್. ಕೈಯಲ್ಲಿ ಇರುವುದು ಹನ್ನೆರಡೇ ನಿಮಿಷ, ಅದೂ ಸಿಲಿಂಡರ್ ಪೂರ್ತಿ ತುಂಬಿದ್ದರೆ. 2012ರ ಸೆಪ್ಟೆಂಬರ್‌ನಲ್ಲಿ ಉತ್ತರ ಸಮುದ್ರದಲ್ಲಿ ಹಡಗು ತನ್ನ ಜಾಗ ಬಿಟ್ಟು ಸರಿದು, 90 ಮೀಟರ್‌ಗೂ ಆಳದಲ್ಲಿದ್ದ ಡೈವರ್‌ನ ಪೈಪ್ ಹರಿದುಹೋಯಿತು. ತುರ್ತು ಗಾಳಿ ಮುಗಿದು ಅರ್ಧ ಗಂಟೆ ಆದ ಮೇಲೆ ಎತ್ತಿದರೂ ಅವನು ಬದುಕಿದ. ಇದನ್ನು ಕೇಳಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಅದು ಒಬ್ಬನ ಅದೃಷ್ಟ, ಲೆಕ್ಕ ಅಲ್ಲ.

ಇನ್ನುಳಿದದ್ದು ಬೇಗ ಹೇಳುತ್ತೇನೆ. ಸಿಲಿಂಡರಿನ ಭುಜದ ಮೇಲೆ ಪರೀಕ್ಷೆಯ ತಾರೀಖು ಕೊರೆದಿರುತ್ತದೆ, ಓದಬೇಕು. ಡೈವರ್‌ನ ಪೈಪ್ ಹತ್ತಿರದ ಪ್ರೊಪೆಲ್ಲರ್ ತನಕ ಇರುವ ದೂರಕ್ಕಿಂತ ಕನಿಷ್ಠ 5 ಮೀಟರ್ ಗಿಡ್ಡ ಇರಬೇಕು. ಡೆಕ್ ಮೇಲೆ ಒತ್ತಡದ ಕೋಣೆ ಇರಬೇಕು, ಅದರಲ್ಲಿ ಹಗ್ಗ, ಬಣ್ಣದ ಡಬ್ಬಿ ತುಂಬಿಟ್ಟಿರಬಾರದು. ನಗಬೇಡಿ, ಕಂಡಿದ್ದೇನೆ.

ಹಾಗಾದರೆ ಏನು ಮಾಡಬೇಕು? ಗೋವಾದಲ್ಲೇ ಮುಂದುವರಿಯುವುದಾದರೆ ಹೊತ್ತು ಬರೆಯುವ, ಎರಡನೇ ಡೈವರ್ ಇಡುವ ಗುತ್ತಿಗೆದಾರ ಸಿಗಬೇಕು. ಹುಡುಕಿದರೆ ಸಿಗುತ್ತಾರೆ, ಕೂಲಿ ಸ್ವಲ್ಪ ಕಡಿಮೆ ಇದ್ದೀತು. ಮುಂಬೈಗೆ ಹೋಗುವುದು ಒಳ್ಳೆಯ ದಾರಿಯೇ. ಅಲ್ಲಿ 2008ರ ಕಡಲಾಚೆಯ ಸುರಕ್ಷತಾ ನಿಯಮಗಳಿವೆ. ಅಪಾಯ ಇಲ್ಲ ಅಂತಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತಕ್ಕೆ ಬಾಂಬೆ ಹೈ ಹತ್ತಿರ ಪಿ-305 ಬಾರ್ಜ್ ಮುಳುಗಿ ಹತ್ತಾರು ಜನ ಸತ್ತರು, ಅದು ಡೈವಿಂಗ್‌ನಿಂದ ಆದದ್ದೇ ಅಲ್ಲ. ಮಳೆಗಾಲದಲ್ಲಿ ಈ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ, ಸಂಬಳವೂ. ಮೂರು ಪಟ್ಟು ಅಂದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿ ನೋಡಿ.

ಟ್ರೇನಿಂಗ್ ದುಡ್ಡಿನ ವಿಷಯದಲ್ಲಿ ಅವಸರ ಬೇಡ. ಪ್ರವಾಸಿಗರಿಗೆ ಕೊಡುವ ಸ್ಕೂಬಾ ಕಾರ್ಡ್ ಬೇರೆ, ದುಡಿಯುವ ಡೈವರ್‌ನ ಪ್ರಮಾಣಪತ್ರ ಬೇರೆ. ಯಾವ ದೇಶದ ಯಾವ ಪತ್ರ ನಡೆಯುತ್ತದೆ ಎಂಬ ಪಟ್ಟಿಯನ್ನು ಇಮ್ಕಾ ಎಂಬ ಅಂತರರಾಷ್ಟ್ರೀಯ ಗುತ್ತಿಗೆದಾರರ ಸಂಘ ಇಟ್ಟಿದೆ. ಏಜೆಂಟ್ ತೋರಿಸಿದ ಪತ್ರದ ಹೆಸರು ಆ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಹೊಲ ಒತ್ತೆ ಇಡಬೇಡಿ. ನನ್ನ ಕೇಳಿದರೆ, ಒಂದು ಸೀಸನ್ ಟೆಂಡರ್ ಆಗಿ ಹೋಗಲಿ. ಪೈಪ್ ಹಿಡಿದವನಿಗೆ ಕಾಣುವುದು ನೀರೊಳಗೆ ಇರುವವನಿಗೆ ಕಾಣುವುದಿಲ್ಲ.

ಜಾಕ್‌ವೆಲ್ ಕೆಲಸ ಬಿಟ್ಟುಬಿಡಿ ಎಂದು ಹೇಳಿದರೆ ಕೇಳುವುದಿಲ್ಲ, ಗೊತ್ತು. ಕೀಲಿ ಜೇಬಿಗೆ ಬರದೆ ಇಳಿಯಬಾರದು, ಅದೊಂದು ಮಾತು ತೆಗೆದುಕೊಳ್ಳಿ.

ಇದೆಲ್ಲಕ್ಕೂ ಮೊದಲು ಭುಜ. ಆ ಭುಜ ಪರೀಕ್ಷೆ ಆಗುವವರೆಗೆ ಗೋವಾದಲ್ಲೂ ಇಳಿಯುವುದು ಬೇಡ, ಮುಂಬೈಗೂ ಹೂಂ ಅನ್ನುವುದು ಬೇಡ. ಡಾಕ್ಟರ ಹತ್ತಿರ ಹೋಗುವಾಗ ಲಾಗ್‌ಬುಕ್ ತೆಗೆದುಕೊಂಡು ಹೋಗಲಿ. ಲಾಗ್‌ಬುಕ್ಕೇ ಇಲ್ಲ ಅಂತಾನೆ, ನನಗೆ ಗೊತ್ತು. ಹಾಗಾದರೆ ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿ. ಕಳೆದ ಸೀಸನ್ನಿನಲ್ಲಿ ಯಾವ ದಿನ, ಎಷ್ಟು ಆಳ, ಎಷ್ಟು ಹೊತ್ತು, ಯಾವ ರಾತ್ರಿ ಬಸ್ ಹತ್ತಿದ, ನೋವು ಎಲ್ಲಿ ಶುರುವಾಯಿತು, ಚೋರ್ಲಾದಲ್ಲೋ ಬೆಳಗಾವಿ ಬಸ್‌ಸ್ಟ್ಯಾಂಡಿನಲ್ಲೋ, ನೆನಪಿದ್ದಷ್ಟು ಬರೆಯಲಿ. ಡೈವರ್‌ಗಳ ಡಾಕ್ಟರ್ ಮೊದಲು ಕೇಳುವುದು ಅದನ್ನೇ.